ಕಲಿಸಿದ್ದು ಮತ್ತು ಕಂಡದ್ದು: ಗಡಿಶಾಲೆಯ ವಿದ್ಯಾರ್ಥಿಯ ಗ್ರಹಿಕೆಯಲ್ಲಿ ಕರಗತ ಕಲಿಕೆ

ಕಲಿಕೆಯನ್ನು ಕುರಿತು ಕನ್ನಡದಲ್ಲಿ ಎರಡು ಬಗೆಯ ಮಾತುಗಳು ಬಳಕೆಯಲ್ಲಿವೆ. ಉರು ಹೊಡೆಯುವುದು, ಬಾಯಿಪಾಠ ಮಾಡುವುದು, ಪಾಠ ಒಪ್ಪಿಸುವುದು ಒಂದು ಬಗೆ. ಮನದಟ್ಟಾಗುವುದು, ತಲೆಗೆ ಹತ್ತುವುದು, ಕೈವಶವಾಗುವುದು, ಕರಗತವಾಗುವುದು ಇನ್ನೊಂದು ಬಗೆ. ಮೊದಲನೆಯ ಬಗೆಯ ಮಾತುಗಳ ಎದುರಿಗೆ ಯಾವಾಗಲೂ ಒಬ್ಬ ಪರೀಕ್ಷಕ ಕುಳಿತಿರುತ್ತಾನೆ. ಒಪ್ಪಿಸುವುದೆಂದರೆ ಯಾರಿಗಾದರೂ ಒಪ್ಪಿಸಲೇಬೇಕು. ಎರಡನೆಯ ಬಗೆಯ ಮಾತುಗಳಿಗೆ ಅಂಥ ಸಾಕ್ಷಿಯ ಅಗತ್ಯವಿಲ್ಲ. ಈಜು ಕರಗತವಾದವನಿಗೆ ಆ ಸಂಗತಿಯನ್ನು ದಡದಲ್ಲಿ ನಿಂತವರು ಹೇಳಬೇಕಾಗಿಲ್ಲ.

ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ 1968ರಲ್ಲಿ ಮಂಡಿಸಿದ ವಿಚಾರದ ತಿರುಳು ಸರಳವಾದುದು. ಸಾಕಷ್ಟು ವೇಳೆಯನ್ನೂ ತಕ್ಕ ನೆರವನ್ನೂ ಒದಗಿಸಿದರೆ ಹೆಚ್ಚುಪಾಲು ವಿದ್ಯಾರ್ಥಿಗಳು ಕಲಿಯಬೇಕಾದುದನ್ನು ಪೂರ್ಣವಾಗಿ ಕಲಿಯಬಲ್ಲರು. ಒಬ್ಬರಿಂದ ಒಬ್ಬರಿಗೆ ವ್ಯತ್ಯಾಸವಾಗಬೇಕಾದುದು ವೇಳೆಯೇ ಹೊರತು ಕಲಿಕೆಯ ಮಟ್ಟವಾಗಬಾರದು. ಇದನ್ನು ಕನ್ನಡದಲ್ಲಿ 'ಪ್ರಭುತ್ವ ಕಲಿಕೆ' ಎಂದು ಕರೆಯುವುದುಂಟು. ಆದರೆ ನಮ್ಮಲ್ಲಿ 'ಪ್ರಭುತ್ವ' ಎಂಬ ಪದ ವಿದ್ಯೆಯ ಮೇಲಿನ ಹಿಡಿತವನ್ನೂ ಆಳುವವರ ಅಧಿಕಾರವನ್ನೂ ಒಟ್ಟಿಗೆ ಸೂಚಿಸುತ್ತದೆ. ಯಾವ ಭಾಷೆಯಲ್ಲಿ ಕಲಿಯಬೇಕೆಂಬುದನ್ನೇ ಪ್ರಭುತ್ವಗಳು ತೀರ್ಮಾನಿಸುತ್ತ ಬಂದಿರುವ ಗಡಿನಾಡಿನಲ್ಲಿ ಈ ಎರಡು ಅರ್ಥಗಳು ಒಂದರ ಮೇಲೊಂದು ಬಿದ್ದು ಗೊಂದಲವಾಗುತ್ತದೆ. ಆದ್ದರಿಂದ ಇಲ್ಲಿ 'ಕರಗತ ಕಲಿಕೆ' ಎಂಬ ಮಾತನ್ನೇ ಬಳಸಿದ್ದೇನೆ.

ಶಿಕ್ಷಕರು ಕರಗತ ಕಲಿಕೆಯನ್ನು ಉತ್ತೇಜಿಸುತ್ತಾರೆಯೇ ಎಂಬುದು ಶಿಕ್ಷಣ ಇಲಾಖೆಗಳು ಕೇಳುವ ಪ್ರಶ್ನೆ. ವಿದ್ಯಾರ್ಥಿಗೆ ಅದು ಹಾಗೆ ಕಾಣುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. 1988ರಲ್ಲಿ ಕ್ಯಾರೊಲ್ ಏಮ್ಸ್ ಮತ್ತು ಜೆನಿಫರ್ ಆರ್ಚರ್ ಪ್ರಕಟಿಸಿದ ಅಧ್ಯಯನ ಈ ಎರಡನೆಯ ಪ್ರಶ್ನೆಗೆ ಶಾಸ್ತ್ರೀಯ ಸ್ಥಾನ ತಂದುಕೊಟ್ಟಿತು. ಅವರು 176 ವಿದ್ಯಾರ್ಥಿಗಳನ್ನು ಕೇಳಿದ್ದು, ನಿಮ್ಮ ತರಗತಿಯಲ್ಲಿ ಯಾವುದಕ್ಕೆ ಬೆಲೆಯಿದೆ ಎಂದು ನಿಮಗೆ ತೋರುತ್ತದೆ ಎಂಬುದನ್ನು. ಹೊಸದನ್ನು ಅರಿಯುವುದಕ್ಕೂ ಪ್ರಯತ್ನಕ್ಕೂ ಇಲ್ಲಿ ಬೆಲೆಯಿದೆ ಎಂದು ಗ್ರಹಿಸಿದವರು ಕಠಿಣವಾದ ಕೆಲಸವನ್ನು ಆರಿಸಿಕೊಳ್ಳಲು ಮುಂದಾಗುತ್ತಿದ್ದರು, ಕಲಿಯುವ ಉಪಾಯಗಳನ್ನು ಹೆಚ್ಚು ಬಳಸುತ್ತಿದ್ದರು, ಶ್ರಮಿಸಿದರೆ ಫಲವುಂಟೆಂದು ನಂಬಿದ್ದರು. ಇತರರನ್ನು ಮೀರಿಸುವುದಕ್ಕೇ ಬೆಲೆ ಎಂದು ಗ್ರಹಿಸಿದವರ ಗಮನ ತಮ್ಮ ಸಾಮರ್ಥ್ಯದ ಕೊರತೆಯ ಕಡೆಗೆ ಹರಿಯುತ್ತಿತ್ತು. ಮೊದಲನೆಯದನ್ನು ಕರಗತದ ಗುರಿಯೆಂದೂ ಎರಡನೆಯದನ್ನು ಪ್ರದರ್ಶನದ ಗುರಿಯೆಂದೂ ಕರೆಯಬಹುದು. ಈ ಅಧ್ಯಯನದಲ್ಲಿ ಅಳೆದದ್ದು ಶಿಕ್ಷಕರ ಉದ್ದೇಶವನ್ನಲ್ಲ, ವಿದ್ಯಾರ್ಥಿಯ ಓದನ್ನು. ವಿದ್ಯಾರ್ಥಿಯೂ ಒಬ್ಬ ಓದುಗ. ತರಗತಿಯೆಂಬ ಪಠ್ಯವನ್ನು ಅವನು ತನ್ನ ಜಾಗದಿಂದ ಓದುತ್ತಾನೆ. ಹಾಗಾದರೆ ಸಾಹಿತ್ಯ ವಿಮರ್ಶೆಗೂ ಇಲ್ಲಿ ಕೆಲಸವಿದೆ.

ವಿದ್ಯಾರ್ಥಿಗಳ ಸಾಕ್ಷ್ಯ

ಶಾಲೆಯನ್ನು ಕುರಿತು ಬರೆದವರಲ್ಲಿ ಹೆಚ್ಚಿನವರು ಕಲಿಸಿದವರು. ಕಲಿತವರು ಕಲಿಯುವ ಕಾಲದಲ್ಲೇ ಬರೆದದ್ದು ಅಪರೂಪ. ಇಟಲಿಯ ಟಸ್ಕನಿ ಪ್ರಾಂತದ ಬೆಟ್ಟದ ಹಳ್ಳಿ ಬಾರ್ಬಿಯಾನಾದ ಎಂಟು ಹುಡುಗರು ತಮ್ಮ ಗುರು, ಪಾದ್ರಿ ಲೊರೆಂಜೊ ಮಿಲಾನಿಯ ಜೊತೆಗೂಡಿ ಬರೆದು 1967ರಲ್ಲಿ ಪ್ರಕಟಿಸಿದ 'ಶಿಕ್ಷಕಿಗೊಂದು ಪತ್ರ' ಅಂಥ ಅಪರೂಪದ ಕೃತಿ. ಸರ್ಕಾರಿ ಶಾಲೆಯಲ್ಲಿ ನಪಾಸಾಗಿ ಹೊರಬಿದ್ದ ರೈತಾಪಿ ಮಕ್ಕಳು ಅವರು. ತಮ್ಮ ಹಳ್ಳಿಯ ಶಾಲೆಯನ್ನು ಅವರು ವರ್ಣಿಸುವ ಬಗೆ ಗಮನಾರ್ಹ. ಅಲ್ಲಿ ಹಿಂದೆ ಬಿದ್ದವನೇ ಎಲ್ಲರಿಗಿಂತ ಮುಖ್ಯನಾದವನು. ಅವನಿಗೆ ಅರ್ಥವಾಗುವವರೆಗೆ ಉಳಿದವರು ಮುಂದಕ್ಕೆ ಹೋಗುತ್ತಿರಲಿಲ್ಲ. ಬ್ಲೂಮ್ ಮರುವರ್ಷ ಮಂಡಿಸಿದ ತತ್ತ್ವವನ್ನು ಈ ಹುಡುಗರು ಅನುಭವದ ಭಾಷೆಯಲ್ಲಿ ಮೊದಲೇ ಹೇಳಿಬಿಟ್ಟಿದ್ದರು. ಆದರೆ ವೇಳೆಯ ಹಂಚಿಕೆಯ ಒಂದು ಸೂತ್ರವಾಗಿ ಬ್ಲೂಮ್ ಕಂಡದ್ದನ್ನು ಅವರು ಗೌರವದ ಹಂಚಿಕೆಯಾಗಿ ಕಂಡಿದ್ದಾರೆ. ನನಗಾಗಿ ತರಗತಿ ನಿಂತಿತು ಎಂಬುದು ಆ ಹುಡುಗನ ಪಾಲಿಗೆ ಬೋಧನಾ ವಿಧಾನದ ಸಂಗತಿಯಾಗಿರಲಿಲ್ಲ. ಅವನ ಅಂತಸ್ತಿನ ಸಂಗತಿಯಾಗಿತ್ತು.

ಜಪಾನಿನ ತೆತ್ಸುಕೊ ಕುರೊಯಾನಗಿ 1981ರಲ್ಲಿ ಪ್ರಕಟಿಸಿದ, ಕನ್ನಡದ ಓದುಗರಿಗೂ ಪರಿಚಿತವಾದ 'ತೊತ್ತೊಚಾನ್' ಇದಕ್ಕಿಂತ ಭಿನ್ನ. ಅದು ಬೆಳೆದ ಹೆಂಗಸೊಬ್ಬಳು ಬಾಲ್ಯದ ಶಾಲೆಯನ್ನು ನೆನೆದ ಕೃತಿ. ಅಲ್ಲಿನ ಕ್ರೀಡಾದಿನದ ಪಂದ್ಯಗಳಲ್ಲಿ ಕೈಕಾಲು ಬೆಳೆಯದ ಹುಡುಗನೊಬ್ಬ ಎಲ್ಲವನ್ನೂ ಗೆಲ್ಲುತ್ತಾನೆ; ಪಂದ್ಯಗಳು ಅವನ ಮೈಕಟ್ಟಿಗೆ ಒಗ್ಗುವಂತೆ ರೂಪುಗೊಂಡಿದ್ದವೆಂಬುದು ಮಕ್ಕಳಿಗೆ ಆಗ ತಿಳಿಯುವುದಿಲ್ಲ. ಬಹುಮಾನವಾಗಿ ಸಿಕ್ಕದ್ದು ತರಕಾರಿ. ಮುಖ್ಯೋಪಾಧ್ಯಾಯರು ತನ್ನನ್ನು ಒಳ್ಳೆಯ ಹುಡುಗಿಯೆಂದು ಹೇಳುವಾಗ ಸೇರಿಸುತ್ತಿದ್ದ 'ನಿಜವಾಗಿ' ಎಂಬ ಒಂದು ಪದದ ತೂಕ ಲೇಖಕಿಗೆ ತಿಳಿದದ್ದು ವರ್ಷಗಳ ಮೇಲೆ. ಎಂದರೆ ಗ್ರಹಿಕೆ ಒಂದು ದಿನದ ಘಟನೆಯಲ್ಲ. ಪ್ರಶ್ನಾವಳಿಯೊಂದು ಹಿಡಿಯುವುದು ಇಂದಿನ ಗ್ರಹಿಕೆಯನ್ನು. ನೆನಪಿನ ಬರಹ ಹಿಡಿಯುವುದು ಮಾಗಿದ ಗ್ರಹಿಕೆಯನ್ನು. ಎರಡಕ್ಕೂ ಅದರದರ ಕುರುಡಿದೆ.

ಕನ್ನಡದಲ್ಲಿ ಇದಕ್ಕೆ ಪ್ರಸಿದ್ಧ ನಿದರ್ಶನ ಕುವೆಂಪು ಅವರದು. ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ತರುಣ ಪುಟ್ಟಪ್ಪ 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸರಿಗೆ ತಮ್ಮ ರಚನೆಗಳನ್ನು ತೋರಿಸಿದರು. ಮೆಚ್ಚುಗೆಯ ನಿರೀಕ್ಷೆಯಲ್ಲಿದ್ದವರಿಗೆ ಸಿಕ್ಕದ್ದು ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂಬ ಸಲಹೆ. ಆ ಹೊತ್ತಿಗೆ ಅದು ಅವರಿಗೆ ಹಿತವೆನಿಸಲಿಲ್ಲ. ಅದು ಒಂದು ತಿರುವೆಂದು ಕಂಡದ್ದು ಆಮೇಲೆ. ಇದರ ಜೊತೆಗೆ ಇನ್ನೊಂದನ್ನು ಇಟ್ಟು ನೋಡಬೇಕು. ಕುವೆಂಪು 'ಶ್ರೀ ರಾಮಾಯಣ ದರ್ಶನಂ' ಕಾವ್ಯವನ್ನು ಅರ್ಪಿಸಿದ್ದು ಗುರು ಟಿ.ಎಸ್. ವೆಂಕಣ್ಣಯ್ಯನವರಿಗೆ. ಕಾವ್ಯ ಪ್ರಕಟವಾದದ್ದು 1949ರಲ್ಲಿ. ಗುರುಗಳು ತೀರಿಕೊಂಡದ್ದು 1939ರಲ್ಲಿ. ಅಂಕ ಕೊಡಲು ಯಾರೂ ಇಲ್ಲದ ಕಡೆಗೆ ಶಿಷ್ಯನೊಬ್ಬ ತನ್ನ ಕೃತಿಯನ್ನು ಒಪ್ಪಿಸುತ್ತಿದ್ದಾನೆ. 'ಒಪ್ಪಿಸು' ಎಂಬ ಪದವೇ ಇಲ್ಲಿ ಪರೀಕ್ಷೆಯಿಂದ ಬಿಡುಗಡೆ ಪಡೆದಿದೆ. ವೆಂಕಣ್ಣಯ್ಯನವರ ಊರು ತಳುಕು, ರಾಯದುರ್ಗ ಸೀಮೆಯ ನೆರೆಯಾದ ಚಳ್ಳಕೆರೆ ತಾಲ್ಲೂಕಿನದು. ಅನಂತಪುರ ಜಿಲ್ಲೆಯ ರಾಳ್ಲಪಲ್ಲಿಯವರಾದ ಅನಂತಕೃಷ್ಣಶರ್ಮರು ತೆಲುಗು ಕಲಿಸಿದ್ದೂ ಅದೇ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ. ಶರ್ಮರು ಎರಡೂ ಭಾಷೆಗಳಲ್ಲಿ ಬರೆದರು. ಈ ಒಣನೆಲ ಕಲಿಸುವವರನ್ನು ಕೊಟ್ಟ ನೆಲವೆಂಬುದನ್ನು ಮರೆಯಬಾರದು.

ಕಲಿಸುವವನ ಕಡೆಯಿಂದ ಬಂದ ಅತ್ಯುತ್ತಮ ಕನ್ನಡ ಸಾಕ್ಷ್ಯವೆಂದರೆ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು'. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕೃತಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರದ ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದ ಪ್ರವಾಸಗಳ ಕಥನ. ಮುಟ್ಟಿ, ಮೂಸಿ, ತಿಂದು, ನಕ್ಕು ಗಿಡವನ್ನು ಗುರುತಿಸುವ ಈ ವಿಧಾನಕ್ಕಿಂತ ಉತ್ತಮವಾದ ಕರಗತ ಕಲಿಕೆಯನ್ನು ಕಲ್ಪಿಸುವುದು ಕಷ್ಟ. ಆದರೂ ವಿಮರ್ಶಕನು ಒಂದು ಪ್ರಶ್ನೆಯನ್ನು ಕೇಳಬೇಕಾಗುತ್ತದೆ. ಆ ವಿದ್ಯಾರ್ಥಿಗಳ ಚಟಾಕಿಗಳು, ಪೆದ್ದುತನ, ಬೆರಗು ಎಲ್ಲವೂ ನಮಗೆ ತಲುಪುವುದು ಪ್ರಾಧ್ಯಾಪಕರ ಲೇಖನಿಯ ಮೂಲಕ. ಗುಂಪಿನ ಹಿಂದೆ ಉಳಿದವನಿಗೆ ಆ ಕಾಡು ಹೇಗೆ ಕಂಡಿತು ಎಂಬುದು ಪುಸ್ತಕದ ಹೊರಗೇ ಉಳಿಯಿತು. ಇದು ಕೃತಿಯ ದೋಷವಲ್ಲ. ಕಲಿಸುವವನ ಬರಹಕ್ಕಿರುವ ಎಲ್ಲೆ. ಆ ಎಲ್ಲೆಯ ಆಚೆ ಏನಿರಬಹುದೆಂಬುದನ್ನು ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ'ದಂಥ ಆತ್ಮಕಥನ ತೋರಿಸುತ್ತದೆ. ಒಂದೇ ಶಾಲೆ, ಒಬ್ಬರೇ ಶಿಕ್ಷಕರು, ಒಂದೇ ಪಾಠ. ಆದರೂ ದಲಿತ ಬಾಲಕನು ಓದುವ ತರಗತಿ ಬೇರೆ. ಪಾಠಕ್ಕಿಂತ ಮೊದಲು ತಾನು ಯಾರೆಂಬುದನ್ನು ಅವನು ಅಲ್ಲಿ ಕಲಿಯಬೇಕಾಗುತ್ತದೆ.

ಕಣೇಕಲ್ಲಿನ ಮಗು ಓದುವುದೇನನ್ನು?

ಈ ಓದಿನ ಬೆಳಕಿನಲ್ಲಿ ನಮ್ಮ ಗಡಿಯ ತರಗತಿಯನ್ನು ನೋಡೋಣ. ರಾಯದುರ್ಗ ತಾಲ್ಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರೂಪುಗೊಂಡಾಗ ಬಳ್ಳಾರಿ ಮೈಸೂರಿಗೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ಆಂಧ್ರದಲ್ಲಿ ಉಳಿದವು. ಮಡಕಶಿರಾ ಅನಂತಪುರ ಜಿಲ್ಲೆಯಲ್ಲೇ ಇದ್ದು, 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಹಗರಿಯ ಮರಳು ದಿಬ್ಬಗಳ, ದೊಡ್ಡ ಕೆರೆಯ ಊರಾದ ಕಣೇಕಲ್ಲು ರಾಯದುರ್ಗದ ಸೀಮೆಯಲ್ಲಿದೆ. ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಹೇಳುತ್ತದೆ. ಮಾಧ್ಯಮವನ್ನು ಕಾನೂನು ಕೊಡಬಲ್ಲದು. ಆ ಮಾಧ್ಯಮದಲ್ಲಿ ಕಲಿಯುವ ಮಗುವಿಗೆ ತನ್ನ ಕಲಿಕೆಯ ಬಗ್ಗೆ ಏನನ್ನಿಸಬೇಕೆಂಬುದನ್ನು ಯಾವ ವಿಧಿಯೂ ಕೊಡಲಾರದು.

ಎರಡು ಲಿಪಿಗಳ ನಡುವೆ ಬೆಳೆಯುವ ಮಗು ಕನ್ನಡದ ಉತ್ತರ ಬರೆಯುವಾಗ ಅಕ್ಷರದ ಮೇಲೆ ತೆಲುಗಿನ ತಲೆಕಟ್ಟು ಹಾಕಿಬಿಡುವುದು ಸಹಜ. ಊರ ಹೆಸರಿನ 'ಕಲ್ಲು' ಕನ್ನಡದಲ್ಲಿ ಶಿಲೆ. ಅದೇ ಅಕ್ಷರಗಳನ್ನು ತೆಲುಗಿನಲ್ಲಿ ಓದಿದರೆ ಹೆಂಡ. ಇಂಥ ಕಡೆ ಕೆಂಪು ಶಾಯಿಯ ಗೆರೆಯೊಂದನ್ನು ಎಳೆದು ಅಂಕ ಕಳೆಯುವುದು ಒಂದು ದಾರಿ. ಎರಡು ತಲೆಕಟ್ಟುಗಳನ್ನೂ ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಬರೆದು, ಒಂದೇ ಮೂಲದಿಂದ ಬಂದ ಲಿಪಿಗಳು ಹೇಗೆ ಕವಲೊಡೆದವೆಂದು ಮಕ್ಕಳಿಂದಲೇ ಹೇಳಿಸುವುದು ಇನ್ನೊಂದು ದಾರಿ. ತಪ್ಪು ಎರಡರಲ್ಲೂ ತಿದ್ದಲ್ಪಡುತ್ತದೆ. ಆದರೆ ಮೊದಲನೆಯ ತರಗತಿಯಲ್ಲಿ ಮಗು ಓದುವುದು, ನನ್ನ ತೆಲುಗು ನನ್ನ ಕನ್ನಡದ ಕಲೆ ಎಂದು. ಎರಡನೆಯದರಲ್ಲಿ ಓದುವುದು, ನನಗೆ ಗೊತ್ತಿರುವುದು ಇಲ್ಲಿ ಕೆಲಸಕ್ಕೆ ಬರುತ್ತದೆ ಎಂದು.

ಈ ಎರಡನೆಯ ದಾರಿ ಬಹಳ ದೂರ ಕರೆದೊಯ್ಯಬಲ್ಲದು. ಹಾಲು, ಹಾವು, ಹುಲಿ, ಹೂವು, ಹೆಸರು ಎಂಬ ಕನ್ನಡದ ಪದಗಳಿಗೆ ತೆಲುಗಿನಲ್ಲಿ ಪಾಲು, ಪಾಮು, ಪುಲಿ, ಪುವ್ವು, ಪೇರು ಎಂಬ ಪದಗಳಿವೆ. ಹಳಗನ್ನಡದಲ್ಲಿ ಇವೇ ಪಾಲ್, ಪಾವು, ಪುಲಿ, ಪೂ, ಪೆಸರ್ ಆಗಿದ್ದವು. ಬೆಂಗಳೂರಿನ ವಿದ್ಯಾರ್ಥಿಗೆ ಟಿಪ್ಪಣಿಯಿಲ್ಲದೆ ತಿಳಿಯದ ಪಕಾರ-ಹಕಾರದ ನಂಟು ಕಣೇಕಲ್ಲಿನ ಸಂತೆಯಲ್ಲಿ ದಿನವೂ ಕಿವಿಗೆ ಬೀಳುತ್ತದೆ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಇಂದಿನ ಹೇಮಾವತಿ, ಮಡಕಶಿರಾ ಸೀಮೆಯಲ್ಲಿದೆ. ಅಲ್ಲಿಯ ಶಾಸನಗಳ ಕನ್ನಡ ಆ ಹಳೆಯ ಕನ್ನಡವೇ. ಗಡಿಯ ಮಗು ಹಳಗನ್ನಡದ ಬಾಗಿಲಿನ ಕೀಲಿಕೈಯನ್ನು ಕಿಸೆಯಲ್ಲಿಟ್ಟುಕೊಂಡೇ ಶಾಲೆಗೆ ಬರುತ್ತದೆ. ಆದರೆ ಆ ಕೀಲಿಕೈಗೆ ಪ್ರಶ್ನೆಪತ್ರಿಕೆಯಲ್ಲಿ ಅಂಕವಿಲ್ಲ. ಅಂಕವಿಲ್ಲದ್ದನ್ನು ಶಾಲೆ ಕೇಳುವುದಿಲ್ಲ. ಶಾಲೆ ಕೇಳದ್ದು ತನ್ನಲ್ಲಿದೆಯೆಂದು ಮಗುವಿಗೆ ತಿಳಿಯುವುದೇ ಇಲ್ಲ.

ನಾವು ಕೊಡುವ ಬಹುಮಾನ

ಇದುವರೆಗಿನ ಮಾತು ಶಾಲೆಯನ್ನು ಕುರಿತದ್ದು. ಶಾಲೆಯ ಹೊರಗಿನಿಂದ ಕನ್ನಡದ ಪರವಾಗಿ ಮಾತನಾಡುವ ನಾವು ಮಗುವಿಗೆ ಏನು ಹೇಳುತ್ತಿದ್ದೇವೆ? ಗಡಿನಾಡ ಕನ್ನಡಿಗರ ಸಭೆಗಳಲ್ಲಿ ಸಾಮಾನ್ಯವಾಗಿ ನಡೆಯುವ ಕಾರ್ಯಕ್ರಮ ಪ್ರತಿಭಾ ಪುರಸ್ಕಾರ. ಕನ್ನಡ ಮಾಧ್ಯಮದಲ್ಲಿ ಓದಿ ಹೆಚ್ಚು ಅಂಕ ಪಡೆದವರಿಗೆ ಶಾಲು, ಹಾರ, ಪ್ರಮಾಣಪತ್ರ. ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಕನ್ನಡ ಮಾಧ್ಯಮ ಪ್ರಶಸ್ತಿಗೂ ಅಂಕವೇ ಆಧಾರ. ಕನ್ನಡದಲ್ಲಿ ಓದಿಯೂ ಅಂಕ ಗಳಿಸಬಹುದೆಂದು ತೋರಿಸುವುದು ಇವುಗಳ ಉದ್ದೇಶ, ಉದ್ದೇಶ ಒಳ್ಳೆಯದೇ. ಆದರೆ ವೇದಿಕೆಯ ಕೆಳಗೆ ಕುಳಿತ ಉಳಿದ ಮಕ್ಕಳು ಓದುವುದು ಏನನ್ನು? ಇಲ್ಲಿ ಬೆಲೆಯಿರುವುದು ಇತರರನ್ನು ಮೀರಿಸುವುದಕ್ಕೆ ಎಂಬುದನ್ನು. ಏಮ್ಸ್ ಮತ್ತು ಆರ್ಚರ್ ವಿವರಿಸಿದ ಪ್ರದರ್ಶನದ ಗುರಿಯನ್ನು ನಾವೇ ಮೈಕಿನಲ್ಲಿ ಘೋಷಿಸುತ್ತಿದ್ದೇವೆ.

ಇನ್ನೊಂದು ನಿದರ್ಶನ ಇದಕ್ಕಿಂತ ತೀಕ್ಷ್ಣವಾದುದು. ಕರ್ನಾಟಕದ ವೃತ್ತಿಶಿಕ್ಷಣದ ಸೀಟುಗಳಿಗೆ ಹೊರನಾಡು ಮತ್ತು ಗಡಿನಾಡು ಕನ್ನಡಿಗರೆಂದು ಅರ್ಹತೆ ಕೋರುವವರಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಕನ್ನಡ ಭಾಷಾ ಪರೀಕ್ಷೆಯೊಂದನ್ನು ನಡೆಸುತ್ತದೆ. ಪರೀಕ್ಷೆ 50 ಅಂಕಗಳದು; ಅರ್ಹತೆಗೆ ಬೇಕಾದುದು 12 ಅಂಕ. ಯಾರೂ ಅವಕಾಶ ಕಳೆದುಕೊಳ್ಳದಿರಲೆಂಬ ಕರುಣೆಯಿಂದ ಈ ಮಿತಿಯನ್ನು ಇಟ್ಟಿರಬಹುದು. ಆದರೂ ಅದು ಒಂದು ವಾಕ್ಯವನ್ನು ಹೇಳುತ್ತದೆ: ನಿನ್ನ ಕನ್ನಡದಿಂದ ನಮಗೆ ಬೇಕಾದುದು ಇಷ್ಟು. ಹದಿನೇಳರ ಪ್ರಾಯದವರು ಇಂಥ ವಾಕ್ಯಗಳನ್ನು ತಪ್ಪಿಲ್ಲದೆ ಓದುತ್ತಾರೆ. ಒಂದು ಕಡೆ ಅತಿ ಹೆಚ್ಚು ಅಂಕಕ್ಕೆ ಹಾರ, ಇನ್ನೊಂದು ಕಡೆ 12 ಅಂಕದ ಹೊಸ್ತಿಲು. ಎರಡರಲ್ಲಿಯೂ ಕನ್ನಡ ಕರಗತವಾಗಬೇಕಾದ ವಿದ್ಯೆಯಾಗಿ ಕಾಣುವುದಿಲ್ಲ. ದಾಟಿದ ಮೇಲೆ ಮರೆಯಬಹುದಾದ ಗಡಿಯಾಗಿ ಕಾಣುತ್ತದೆ. ಮಕ್ಕಳು ಕನ್ನಡವನ್ನು ಬಿಡುತ್ತಿದ್ದಾರೆಂದು ನಾವು ಕೊರಗುವಾಗ, ನಾವು ಬರೆದ ಪಠ್ಯವನ್ನು ಅವರು ಸರಿಯಾಗಿಯೇ ಓದಿದ್ದಾರೆಂಬ ಸಾಧ್ಯತೆಯನ್ನು ಪರಿಗಣಿಸಬೇಕು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಕಣೇಕಲ್ಲಿನಂಥ ಊರಿನಲ್ಲಿ, ಮನೆಯಲ್ಲಿ ಮೊದಲ ಬಾರಿಗೆ ಶಾಲೆ ಕಂಡ ಹುಡುಗಿಗೆ ಅಂಕಪಟ್ಟಿಯೇ ಊರಾಚೆಗಿನ ದಾರಿ. ಜಾತಿಯನ್ನೂ ಮುಖವನ್ನೂ ನೋಡದೆ ಕೊಟ್ಟ ಅಂಕದಲ್ಲಿ ಒಂದು ನ್ಯಾಯವಿದೆ. ಗುರುವಿನ ಪ್ರೀತಿ ಎಲ್ಲರಿಗೂ ಸಮನಾಗಿ ಹರಿಯದ ಸಮಾಜದಲ್ಲಿ ಆ ನ್ಯಾಯ ಸಣ್ಣದಲ್ಲ. ಸಂಶೋಧನೆಯೂ ಈ ಆಕ್ಷೇಪಕ್ಕೆ ಸ್ವಲ್ಪ ಬೆಂಬಲ ಕೊಡುತ್ತದೆ. ಜುಡಿತ್ ಹರಾಕೀವಿಚ್ ಮತ್ತು ಸಂಗಡಿಗರು ಅಮೆರಿಕದ ಕಾಲೇಜು ವಿದ್ಯಾರ್ಥಿಗಳಲ್ಲಿ ಕಂಡುಕೊಂಡಂತೆ, ಕರಗತದ ಗುರಿಯಿದ್ದವರಲ್ಲಿ ವಿಷಯದ ಮೇಲಿನ ಆಸಕ್ತಿ ಬೆಳೆಯಿತು. ಅಂಕಗಳ ಜೊತೆ ಹೆಚ್ಚು ನಂಟು ಕಂಡದ್ದು ಇತರರನ್ನು ಮೀರಿಸುವ ಗುರಿಗೆ. ಆದ್ದರಿಂದ ಅಂಕವನ್ನು ತುಚ್ಛವಾಗಿ ಕಾಣುವ ಉಪದೇಶವನ್ನು, ಪದವಿಗಳನ್ನು ಪಡೆದು ನೆಲೆನಿಂತ ನಾವು ಮಕ್ಕಳಿಗೆ ಮಾಡುವ ಹಾಗಿಲ್ಲ.

ಆದರೆ ಅದೇ ಫಲಿತಾಂಶವನ್ನು ಗಡಿಭಾಷೆಯ ಕಡೆಯಿಂದ ಓದಿದಾಗ ಬೇರೊಂದು ಅರ್ಥ ಹೊಳೆಯುತ್ತದೆ. ಗಣಿತವನ್ನು ಅಂಕಕ್ಕಾಗಿ ಕಲಿತರೂ ಮುಂದಿನ ತರಗತಿಯ ಗಣಿತ ಅದನ್ನು ಮತ್ತೆ ಕೇಳುತ್ತದೆ. ಇಂಗ್ಲಿಷನ್ನು ಅಂಕಕ್ಕಾಗಿ ಕಲಿತರೂ ಉದ್ಯೋಗ ಅದನ್ನು ಮತ್ತೆ ಕೇಳುತ್ತದೆ. ರಾಯದುರ್ಗದಲ್ಲಿ ಕಲಿತ ಕನ್ನಡವನ್ನು ಹತ್ತನೆಯ ತರಗತಿಯ ಆಚೆಗೆ ಕೇಳುವವರು ವಿರಳ. ಅಂಥ ಭಾಷೆಯನ್ನು ಮುಂದೆ ಉಳಿಸಬಲ್ಲದ್ದು ಆಸಕ್ತಿಯೊಂದೇ. ಆಸಕ್ತಿ ಬೆಳೆಯುವುದು ಕರಗತದ ದಾರಿಯಲ್ಲಿ ಎಂಬುದಾದರೆ, ಬಹುಸಂಖ್ಯಾತರ ಭಾಷೆಗೆ ಒಳ್ಳೆಯ ಬೋಧನೆಯ ಒಂದು ಆಯ್ಕೆಯಾಗಿರುವ ಈ ವಿಧಾನ ಅಲ್ಪಸಂಖ್ಯಾತರ ಭಾಷೆಗೆ ಬದುಕುಳಿಯುವ ಷರತ್ತಾಗುತ್ತದೆ.

ಆಗಬೇಕಾದ ಕೆಲಸಗಳು ದೊಡ್ಡವಲ್ಲ. ಪುರಸ್ಕಾರದ ವೇದಿಕೆಯ ಮೇಲೆ ಹೆಚ್ಚು ಅಂಕದವರ ಜೊತೆಗೆ, ಅಜ್ಜಿಯ ಬಾಯಿಂದ ಊರಿನ ಹತ್ತು ಮಾತುಗಳನ್ನು ಬರೆದುಕೊಂಡು ಅವುಗಳ ತೆಲುಗು ನೆಂಟರನ್ನು ಹುಡುಕಿದ ಮಗುವಿಗೂ ಒಂದು ಜಾಗವಿರಬಹುದು. ಬಾರ್ಬಿಯಾನಾದಂತೆ ಹಿಂದುಳಿದವನಿಗಾಗಿ ತರಗತಿ ಒಂದು ಗಳಿಗೆ ನಿಲ್ಲಬಹುದು. ಹೇಮಾವತಿಯ ಶಾಸನವೊಂದರ ಎದುರು ಮಕ್ಕಳನ್ನು ನಿಲ್ಲಿಸಿ, ಗುರುತು ಸಿಗುವ ಪದಗಳನ್ನು ಮಾತ್ರ ಹೇಳಿರೆಂದು ಕೇಳಬಹುದು. ತಪ್ಪಾದರೆ ಕಳೆಯಲು ಅಲ್ಲಿ ಅಂಕವಿರುವುದಿಲ್ಲ.

ಇವೆಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಸಂಶೋಧಕರದು. ಗಡಿಶಾಲೆಗಳ ಬಗ್ಗೆ ನಾವು ಬರೆಯುವ ವರದಿಗಳು ಕಟ್ಟಡ, ಹುದ್ದೆ, ಪಠ್ಯಪುಸ್ತಕ, ದಾಖಲಾತಿಗಳನ್ನು ಎಣಿಸುತ್ತವೆ. ಎಣಿಕೆ ಬೇಕು. ಆದರೆ ನಿನ್ನ ತರಗತಿಯಲ್ಲಿ ಯಾವುದಕ್ಕೆ ಬೆಲೆಯಿದೆ, ತಪ್ಪು ಮಾಡಿದಾಗ ಏನಾಗುತ್ತದೆ, ಪರೀಕ್ಷೆಯೇ ಇಲ್ಲದಿದ್ದರೂ ನೀನು ಓದಲು ಬಯಸುವ ಕನ್ನಡ ಯಾವುದು ಎಂಬ ಪ್ರಶ್ನೆಗಳನ್ನು ಕಣೇಕಲ್ಲಿನ, ಮಡಕಶಿರಾದ ಮಕ್ಕಳಿಗೆ ಕೇಳಿ, ಅವರ ಉತ್ತರವನ್ನು ಅವರದೇ ತೆಲುಗು ಬೆರೆತ ಕನ್ನಡದಲ್ಲಿ, ತಿದ್ದದೆ, ಅಚ್ಚು ಮಾಡಬೇಕು. ಬಾರ್ಬಿಯಾನಾದ ಎಂಟು ಹುಡುಗರು ಬರೆದ ಪತ್ರವನ್ನು ಜಗತ್ತು ಓದಿತು. ನಮ್ಮ ಗಡಿಯ ಮಕ್ಕಳ ಪತ್ರ ಇನ್ನೂ ಬರಬೇಕಾಗಿದೆ. ಅದು ಬಂದಾಗ ಓದಿ ಅಂಕ ಹಾಕುವ ಅಭ್ಯಾಸವನ್ನು ನಾವು ಮೊದಲೇ ಬಿಟ್ಟಿರಬೇಕು.